‘ಯಾರು’ ಅಂತ ಮಾತ್ರ ಕೇಳಬೇಡಿ

ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಶುಕ್ರವಾರ ಸಂಜೆ ಮನೆಯ ಹಿಂದಿನ ಕೋಣೆಯಲ್ಲಿ ಹಲಗಿ ಬಾರಿಸುತ್ತೇನೆ. ನಾಲ್ಕೈದು ಜನ ಚಾಪೆ ಹಾಸಿಕೊಂಡು, ಕಣ್ಣಿಗೆ ಟವೆಲ್ ಹಾಕಿಕೊಂಡು ಮಲಗಿರುತ್ತಾರೆ. ಏಟು ಕೇಳುತ್ತಾ ಮನಸ್ಸಿನಲ್ಲೇ ಎಲ್ಲಿಗೋ ಇಳಿದು, ಏನೋ ಕಂಡು ವಾಪಸ್ ಬರುತ್ತಾರೆ. ನೋಡಿದವರಿಗೆ ನಗು ಬರುತ್ತದೆ. ನನಗೂ ಮೊದಮೊದಲು ಬರುತ್ತಿತ್ತು.

ನಮ್ಮ ಆಯಿಗೆ ಹುಲಿಗೆಮ್ಮ ದೇವಿ ಮೈಮೇಲೆ ಬರುತ್ತಿದ್ದಳು. ಹುಣ್ಣಿಮೆಗೆ ಅವಳ ಗುಡಿಯಿರುವ ಹುಲಿಗಿಗೆ ಹೋಗುವುದು, ಹೊಳೆಯಲ್ಲಿ ಮುಳುಗು ಹಾಕುವುದು, ದೇವಿಯ ಬುಟ್ಟಿ ಪಡ್ಲಿಗಿ ತುಂಬಿಸುವುದು ತಪ್ಪುತ್ತಿರಲಿಲ್ಲ. ಗುಡಿಯ ಹೊರಗೆ ಜೋಗಮ್ಮಗಳ ತಂತಿವಾದ್ಯ ಚೌಡಿಕೆ ಶುರುವಾದರೆ ಆಯಿ ಆಕಳಿಸುತ್ತಿದ್ದಳು. ಒಂದು, ಎರಡು, ಮೂರು ಆಕಳಿಕೆ. ಆಮೇಲೆ ಕಾಲ ಬೆರಳು ಒಳಗೆ ಮಡಚಿಕೊಳ್ಳುತ್ತಿದ್ದವು. ದನಿ ದಪ್ಪಗಾಗುತ್ತಿತ್ತು. ಸುತ್ತ ಇದ್ದವರು ‘ಉಧೋ ಉಧೋ’ ಅನ್ನುತ್ತಾ ಭಂಡಾರ ತೂರುತ್ತಿದ್ದರು, ಹೇಳಿಕೆ ಕೇಳುತ್ತಿದ್ದರು. ಎಲ್ಲ ಇಳಿದ ಮೇಲೆ ಆಯಿ ಒಂದು ಚೊಂಬು ನೀರು ಕುಡಿದು ಮೊದಲು ಕೇಳುತ್ತಿದ್ದ ಮಾತು: “ಎಮ್ಮಿಗೆ ಯಾರರ ನೀರ್ ಕುಡಿಸ್ಯಾರಿಲ್ಲ?” ತಾನು ಏನು ಹೇಳಿದೆ ಅನ್ನುವುದು ಅವಳಿಗೆ ನೆನಪೇ ಇರುತ್ತಿರಲಿಲ್ಲ.

ಆಯಿ ಒಂದು ಮಾತನ್ನು ಮಾತ್ರ ನನಗೆ ಎಷ್ಟೋ ಸಲ ಹೇಳಿದ್ದಳು. “ಯಾಕ ಅಂತ ಕೇಳಿದ್ರ ಹೇಳಬೇಕು, ಏನ್ ಮಾಡಬೇಕು ಅಂತ ಕೇಳಿದ್ರ ಹೇಳಬೇಕು. ಯಾರು ಅಂತ ಕೇಳಿದ್ರ ಬಾಯಿ ಮುಚ್ಚಬೇಕು.” ಮಾಟ ಮಾಡಿಸಿದವರು ಯಾರು, ಕದ್ದವರು ಯಾರು, ಕಣ್ಣು ಹಾಕಿದವರು ಯಾರು. ಈ ಪ್ರಶ್ನೆಗಳಿಗೆ ಆಯಿಯ ಮೈಮೇಲಿನ ಅಮ್ಮನೂ ಉತ್ತರ ಕೊಡುತ್ತಿರಲಿಲ್ಲ. ಬೈದು ಕಳಿಸುತ್ತಿದ್ದಳು.

ನನ್ನ ಮೈಮೇಲೆ ಯಾರೂ ಬರುವುದಿಲ್ಲ. ನಾನು ಕಲಿತದ್ದೇ ಬೇರೆ. ಹಂಪಿಯ ಎದುರು ಹೊಳೆಯಲ್ಲಿರುವ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳಿದ್ದ ಕಾಲದಲ್ಲಿ ಒಂದು ಕಡೆ ಸಂಜೆ ಲೆಕ್ಕ ನೋಡಲು ಹೋಗುತ್ತಿದ್ದೆ. ಸುಪ್ರೀಂ ಕೋರ್ಟ್ ತೀರ್ಪು ಬಂದು 2020ರಲ್ಲಿ ಅವೆಲ್ಲ ತೆರವಾದವು. ಅದಕ್ಕೆ ಮೂರು ವರ್ಷ ಮೊದಲು, ಚಳಿಗಾಲದಲ್ಲಿ, ಒಬ್ಬ ವಿದೇಶಿ ಹೆಂಗಸು ಜರಡಿಯಂಥ ಒಂದು ಡ್ರಮ್ ತಂದಿದ್ದಳು. ಬಂಡೆಯ ಮೇಲೆ ಜನರನ್ನು ಮಲಗಿಸಿ ಬಾರಿಸುತ್ತಿದ್ದಳು. ನಾನೂ ಸುಮ್ನೆ ಒಂದು ದಿನ ಮಲಗಿದೆ. ಅವತ್ತು ನಮ್ಮ ಹಳೇ ಮನೆಯ ಹಗೇವು, ಅಂದ್ರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ, ಕಂಡಿತು. ಅದರೊಳಗೆ ಇಳಿದೆ. ಕೆಳಗೆ ಜೋಳ ಇರಲಿಲ್ಲ, ನೀರಿತ್ತು, ನೀರಿನ ಆಚೆ ಆಯಿ ಕೂತಿದ್ದಳು. ಎದ್ದಾಗ ಕಣ್ಣು ಒದ್ದೆಯಾಗಿತ್ತು. ಆಯಿ ಹೋಗಿ ಆಗ ಎರಡು ವರ್ಷ. ಅಲ್ಲಿವರೆಗೂ ನಾನು ಅತ್ತಿರಲಿಲ್ಲ.

ಈ ಪದ್ಧತಿ ಅವಳು ಕಂಡುಹಿಡಿದದ್ದಲ್ಲ. ಮೈಕಲ್ ಹಾರ್ನರ್ ಅಂತ ಅಮೆರಿಕದ ಮಾನವಶಾಸ್ತ್ರಜ್ಞ. ಅಮೆಜಾನ್ ಕಡೆಯ ಶುವಾರ್, ಕೊನಿಬೊ ಜನರ ನಡುವೆ ಇದ್ದು ಬಂದವನು. ಬೇರೆ ಬೇರೆ ಬುಡಕಟ್ಟುಗಳಲ್ಲಿ ಸಮಾನವಾಗಿ ಕಂಡದ್ದನ್ನು ಆರಿಸಿ, ಪೇಟೆಯ ಜನಕ್ಕೆ ಕಲಿಸಲು 1979ರಲ್ಲಿ ಸಂಸ್ಥೆಯನ್ನೇ ಕಟ್ಟಿದ. ನಮ್ಮದನ್ನು ಬೇರಿನಿಂದ ಕಿತ್ತು ಮಾರುತ್ತಿದ್ದಾರೆ ಅಂತ ಅಮೆರಿಕದ ಮೂಲನಿವಾಸಿಗಳಲ್ಲಿ ಅನೇಕರು ಇಂಥ ಕೋರ್ಸುಗಳನ್ನು ಬೈಯುತ್ತಾರೆ. ಆ ಬೈಗುಳ ಸುಳ್ಳಲ್ಲ ಅನ್ನಿಸುತ್ತದೆ. ಅದಕ್ಕೇ ನಾನು ನನ್ನನ್ನು ಶಾಮನ್, ಅಂದ್ರೆ ಆತ್ಮಗಳ ಲೋಕಕ್ಕೆ ಹೋಗಿಬರುವವಳು, ಅಂತ ಕರೆದುಕೊಳ್ಳುವುದಿಲ್ಲ. ಆ ಮಾತು ಸೈಬೀರಿಯಾದ ಎವೆಂಕಿ ಜನರ ಕಡೆಯಿಂದ ಬಂದದ್ದು. ಇನ್ನೊಂದು ವ್ಯತ್ಯಾಸವೂ ಇದೆ. ಹಾರ್ನರ್ ಪದ್ಧತಿಯಲ್ಲಿ ಮಲಗಿದವರು ಅತ್ತ ಹೋಗುತ್ತಾರೆ. ನಮ್ಮ ಕಡೆ ಅಮ್ಮನೇ ಇತ್ತ ಬರುತ್ತಾಳೆ. ಹೋದವರು ವಾಪಸ್ ಬಂದು ಕಂಡದ್ದು ಹೇಳಬಹುದು. ಆಯಿಗೆ ಏನೂ ನೆನಪಿರದಿದ್ದದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಆ ಹೆಂಗಸು ಡ್ರಮ್ ತಗೊಂಡು ಊರಿಗೆ ಹೋದಳು. ನಾನು ನಮ್ಮ ಊರಲ್ಲಿ ಹಲಗಿ ಬಾರಿಸುವ ಕಾಕಾನ ಹತ್ತಿರ ಹೋದೆ. ಒಂದು ಹಳೇ ಹಲಗಿ ಕೊಟ್ಟರು. ಕೋಲಿನ ಏಟು ಖಡಕ್ ಆಗಿತ್ತು, ಮಲಗಿದವರು ಬೆಚ್ಚಿಬೀಳುತ್ತಿದ್ದರು. ಆಯಿಯ ಹಳೇ ಇಳಕಲ್ ಸೀರೆಯ ಒಡಲು ಹರಿದು, ದಪ್ಪ ಕೋಲಿನ ತುದಿಗೆ ಸುತ್ತಿ ದಾರ ಬಿಗಿದೆ. ಹಸಿರು ಉಂಡೆ. ದನಿ ಮೆತ್ತಗಾಯಿತು.

ಏಟು ನಿಮಿಷಕ್ಕೆ 205ರಿಂದ 220 ಇರಬೇಕು ಅನ್ನುವುದು ಹಾರ್ನರ್ ಲೆಕ್ಕ. ಮೊಬೈಲ್‌ನಲ್ಲಿ ತಾಳದ ಆ್ಯಪ್ ಹಾಕಿಕೊಂಡು ಎರಡು ತಿಂಗಳು ಅಭ್ಯಾಸ ಮಾಡಿದೆ. ಹದಿನೈದು ನಿಮಿಷಕ್ಕೆ ಮೂರು ಸಾವಿರಕ್ಕೂ ಜಾಸ್ತಿ ಏಟು. ಏರಿಳಿತ ಇರಬಾರದು, ಚೆಂದ ಮಾಡಬಾರದು. ಕಾಕಾ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿ ತಲೆ ಚಚ್ಚಿಕೊಂಡರು. “ಏನ್ ತಂಗಿ ಇದು, ತಾಳನ ಇಲ್ಲ! ಹೆಣದ ಮುಂದೂ ಹಿಂಗ ಬಾರ್ಸಂಗಿಲ್ಲ.” ಆದರೆ ಮಳೆಗಾಲದಲ್ಲಿ ಚರ್ಮ ಸಡಿಲಾದಾಗ ಎಷ್ಟು ಕಾಯಿಸಬೇಕು ಅಂತ ಕಲಿಸಿದ್ದೂ ಅವರೇ. ಗ್ಯಾಸ್ ಒಲೆ ಬೇಡ, ಕೌದಿಯ ಚಿಂದಿ ಸುಟ್ಟು ಅದರ ಮೇಲೆ ಗೇಣು ಎತ್ತರದಲ್ಲಿ ತಿರುಗಿಸು, ಬೆರಳಲ್ಲಿ ತಟ್ಟಿದರೆ ‘ಠಣ್’ ಅಂದಾಗ ಸಾಕು.

ಬಂದವರನ್ನು ಮೊದಲು ಹೊರಗೆ ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸುತ್ತೇನೆ. ಫಿಟ್ಸ್ ಬರುತ್ತಾ? ತಲೆಗೆ ಗುಳಿಗೆ ತಗೊಳ್ತೀರಾ? ಇಲ್ಲದ ದನಿ ಕೇಳುತ್ತಾ? ಹೌದು ಅಂದರೆ ಹಲಗಿ ಇಲ್ಲ, ಚಹಾ ಮಾತ್ರ. ಗುಳಿಗೆ ಬಿಡಿ ಅಂತ ಯಾರಿಗೂ ಹೇಳಿಲ್ಲ. ಒಳಗೆ ಬಂದವರಿಗೆ ಒಂದೇ ಮಾತು: ಭೂಮಿಗೆ ಇಳಿಯುವ ಯಾವುದಾದರೂ ದಾರಿ ನೆನಪಿಸಿಕೊಳ್ಳಿ. ಬಾವಿ, ಹಗೇವು, ಹುತ್ತ, ಏನಾದರೂ ಸರಿ. ವಾಪಸ್ ಕರೆಯುವಾಗ ಏಟು ನಿಲ್ಲಿಸಿ, ಏಳೇಳರಂತೆ ನಾಲ್ಕು ಸಲ ಜೋರಾಗಿ ಬಾರಿಸುತ್ತೇನೆ. ಬಂದ ದಾರಿಯಲ್ಲೇ ಮೇಲೆ ಬರಬೇಕು. ನನ್ನ ಕಷ್ಟ ಇರುವುದೇ ಇಲ್ಲಿ. ಇಳಿಸುವುದು ಯಾರಿಗಾದರೂ ಬರುತ್ತದೆ. ಅರ್ಧ ಎದ್ದವರನ್ನು ಬೈಕ್ ಮೇಲೆ ಮನೆಗೆ ಕಳಿಸಿದರೆ ಕೆಟ್ಟಿತು. ಅಂಗಾಲು ನೆಲಕ್ಕೆ ಊರಿಸಿ, ಹೆಸರು ಹಿಡಿದು ಕೂಗಿ, ಆಮೇಲೆ ಒಗ್ಗರಣಿ ಮಿರ್ಚಿ ತಿನ್ನಿಸುತ್ತೇನೆ. ಖಾರ ಹತ್ತಿ ‘ಹಾ’ ಅಂದರು ಅಂದ್ರೆ ಪೂರ್ತಿ ಬಂದರು ಅಂತ ಅರ್ಥ. ಹಾರ್ನರ್‌ಗೆ ಇದು ಗೊತ್ತಿರಲಿಕ್ಕಿಲ್ಲ.

ಇಷ್ಟೆಲ್ಲ ಹುಷಾರಿದ್ದೂ ಒಂದು ಸಲ ಬಾಯಿ ಜಾರಿದೆ.

ನಮ್ಮ ಓಣಿಯ ಒಬ್ಬ ಹಿರಿಯಾಕೆ ಬೋರಮಾಳ, ಅಂದ್ರೆ ಬಂಗಾರದ ಗುಂಡಿನ ಸರ, ಕಳೆದುಕೊಂಡು ಬಂದರು. ಮಲಗಿ ಎದ್ದರು, ಏನೂ ಕಾಣಲಿಲ್ಲ ಅಂದರು. “ನಿನಗೇನರ ಕಾಣ್ತೇನು ತಂಗಿ?” ಅಂದರು. ಬಾರಿಸುವವರಿಗೂ ಅರ್ಧ ಜೊಂಪು ಹತ್ತುತ್ತದೆ. “ಹಸಿರು ಏನೋ ಕಂಡಂಗಾತು ಅತ್ತಿ, ಸೀರಿ ಇರಬೇಕು” ಅಂದೆ. ಅಷ್ಟೇ ಮಾತು. ಅವರ ಬಸುರಿ ಸೊಸೆಗೆ ಐದು ತಿಂಗಳು, ಆಗಷ್ಟೇ ಕುಬಸ ಆಗಿತ್ತು. ಕುಬಸಕ್ಕೆ ಉಡಿಸುವುದು ಹಸಿರು ಸೀರೆ, ಹಸಿರು ಬಳೆ. ಅವತ್ತು ರಾತ್ರಿಯೇ ಆ ಹುಡುಗಿಯ ಟ್ರಂಕು ಬೀದಿ ಬಾಗಿಲಲ್ಲಿ ಬಿಚ್ಚಿದರು. ಮರುದಿನ ತವರಿಗೆ ಕಳಿಸಿದರು. ಅಕ್ಕನ ಹಲಗಿಯೇ ಹೇಳೈತಿ ಅಂದರಂತೆ.

ಹನ್ನೊಂದನೇ ದಿನ ಬೋರಮಾಳ ಜೋಳದ ಡಬ್ಬಿಯಲ್ಲಿ ಸಿಕ್ಕಿತು. ಹುಲಿಗಿ ಜಾತ್ರೆಗೆ ಹೋಗುವಾಗ ಕಳ್ಳರ ಭಯಕ್ಕೆ ಅತ್ತೆಯೇ ಒಳಗೆ ಹೂತಿಟ್ಟು ಮರೆತಿದ್ದರು.

ಆ ಸುದ್ದಿ ಬಂದಾಗ ನಾನು ಕೋಲಿನ ದಾರ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಕೈಯಲ್ಲಿ ಆ ಬಟ್ಟೆ. ಹದಿನೈದು ನಿಮಿಷ ನನ್ನ ಕಣ್ಣೆದುರು ಮೂರು ಸಾವಿರ ಸಲ ಎದ್ದು ಬಿದ್ದ ಹಸಿರು ಅದೇ ಅಲ್ವಾ?

ಮರುದಿನ ಬಸ್ ಹತ್ತಿ ಆ ಹುಡುಗಿಯ ತವರಿಗೆ ಹೋದೆ. ಕೋಲನ್ನೂ ಒಯ್ದಿದ್ದೆ, ತೋರಿಸಿ ಹೇಳಿದೆ. ಅವಳ ಅವ್ವ ನನಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅಂದದ್ದು ಸರಿಯಾಗಿತ್ತು. ಹುಡುಗಿ ಮಾತ್ರ ಏನೂ ಮಾತಾಡಲಿಲ್ಲ, ನೀರು ಕೊಟ್ಟಳು.

ಆರು ತಿಂಗಳು ಹಲಗಿ ಮುಟ್ಟಲಿಲ್ಲ. ಆ ಸಮಯದಲ್ಲಿ ಒಂದಿಷ್ಟು ಓದಿದೆ. ಆಯಿ ಹೇಳಿಕೆ ಕೊಡುತ್ತಿದ್ದ 1980ರ ದಶಕದಲ್ಲೇ, ಹೊಳೆ ದಾಟಿದರೆ ಸಿಗುವ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಹಳ್ಳಿ ಆಸ್ಪತ್ರೆಯ ಡಾಕ್ಟರುಗಳಿಗೆ ಮನಸ್ಸಿನ ಕಾಯಿಲೆ ನೋಡುವುದನ್ನು ಕಲಿಸಿದ್ದರು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು. ಇಷ್ಟು ಹತ್ತಿರ ನಡೆದದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದಿದ್ದ 31 ರೋಗಿಗಳನ್ನು ವೈದ್ಯರೇ ಗಮನಿಸಿ 2002ರಲ್ಲಿ ಬರೆದ ವರದಿಯೂ ಸಿಕ್ಕಿತು. ಕಾಯಿಲೆಯ ಲಕ್ಷಣಗಳು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗಿದ್ದವಂತೆ. ಅಲ್ಲಿ ಮಂತ್ರ ಇಲ್ಲ, ಹೊಡೆತ ಇಲ್ಲ. ಮನೆಯವರ ಜೊತೆ ಇರುವುದು, ಗುಡಿಯ ಸಣ್ಣಪುಟ್ಟ ಕೆಲಸ ಮಾಡುವುದು, ಅಷ್ಟೇ. ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯನ್ನೂ ಓದಿದೆ. ದೆವ್ವ ಬಿಡಿಸುತ್ತೇವೆ ಅಂತ ಹೊಡೆದರೆ, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕಿದರೆ ಅಪರಾಧ. ಆಯಿ ಇದ್ದಿದ್ದರೆ ‘ಛಲೋ ಆತು’ ಅನ್ನುತ್ತಿದ್ದಳು.

ಈಗ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿದ್ದೇನೆ: ‘ಯಾರು ಅಂತ ಕೇಳಬೇಡಿ.’ ಕೆಳಗೆ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ನನಗೆ ಕಂಡದ್ದನ್ನು ಹೇಳುವುದೇ ಇಲ್ಲ. ಮಲಗಿದವರು ಹೇಳಿದ್ದಕ್ಕೆ ಅರ್ಥವನ್ನೂ ಹಚ್ಚುವುದಿಲ್ಲ. ಕೆಲವರಿಗೆ ಬೇಜಾರಾಗುತ್ತದೆ. ಇಷ್ಟು ದೂರ ಬಂದು ಮಿರ್ಚಿ ತಿಂದು ಹೋಗಬೇಕಾ ಅನ್ನುತ್ತಾರೆ. ಸುಗ್ಗಿಯಲ್ಲಂತೂ ಗಿರಣಿಯಲ್ಲಿ ರಾತ್ರಿ ಹತ್ತಾಗುತ್ತದೆ, ಆಗ ಹಲಗಿಗೆ ರಜೆ.

ಹೋದ ಶ್ರಾವಣದಲ್ಲಿ ಆ ಸೊಸೆ ಬಂದಳು. ಜೊತೆಗೆ ಮಗ, ಶಾಲೆಗೆ ಹೋಗುವ ಹುಡುಗ. ಮಳೆ ಬಂದು ಚರ್ಮ ಸಡಿಲಾಗಿತ್ತು, ನಾನು ಅಂಗಳದಲ್ಲಿ ಚಿಂದಿ ಸುಟ್ಟು ಕಾಯಿಸುತ್ತಿದ್ದೆ. ಅವಳು ಕಟ್ಟೆಯ ಮೇಲಿದ್ದ ಕೋಲು ಎತ್ತಿಕೊಂಡು ತುದಿಯನ್ನು ನೋಡಿದಳು. ಈಗ ಬಿಳಿ ಧೋತರದ ಬಟ್ಟೆ ಸುತ್ತಿದ್ದೇನೆ.

“ಹಸಿರು ತೆಗದೀರೇನಕ್ಕಾ?”

“ಹೂಂ.”

ಕೋಲು ವಾಪಸ್ ಕೊಟ್ಟಳು. ಮಗನಿಗೆ ಕಟ್ಟೆಯ ಮೇಲೆ ಕೂರಲು ಹೇಳಿ, ಒಳಗೆ ಹೋಗಿ ಚಾಪೆ ಹಾಸಿಕೊಂಡಳು.