ಔಷಧಿ ಅಂಗಡಿಯಲ್ಲಿ ತಪ್ಪು ಕೌಂಟರ್ ದಾಟದಂತೆ ತಡೆಯುವುದು ಹೇಗೆ

ಮಾತ್ರೆಯ ಹೆಸರು, ಡೋಸ್ ಎಲ್ಲ ಬಲ್ಲವರ ಕೈಯಲ್ಲೇ ತಪ್ಪು ಔಷಧಿ ಹೊರಗೆ ಹೋಗುತ್ತದೆ. ಸಂಜೆ ಕೌಂಟರಿನ ಮುಂದೆ ಆರು ಜನ ನಿಂತಿರುವಾಗ ‘ಎಚ್ಚರದಿಂದಿರಿ’ ಎಂಬ ಬೋರ್ಡು ಕೆಲಸ ಮಾಡುವುದಿಲ್ಲ. ಕೆಲಸ ಮಾಡುವುದು ರ‍್ಯಾಕ್ ಜೋಡಿಸಿದ ರೀತಿ.

ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದರೆ ಹುಡುಕುವುದು ಸುಲಭ, ಆದರೆ ಹೆಸರು ಹೋಲುವ ಔಷಧಿಗಳೆಲ್ಲ ಪಕ್ಕಪಕ್ಕಕ್ಕೇ ಬಂದು ಕೂರುತ್ತವೆ. ಮೆಟ್‌ಫಾರ್ಮಿನ್ 500, ಮೆಟ್ರೊನಿಡಜೋಲ್ 500, ಹೈಡ್ರಲಜಿನ್, ಹೈಡ್ರಾಕ್ಸಿಜಿನ್. ಇಂಥ ಜೋಡಿಗಳನ್ನು ಬೇಕೆಂದೇ ಬೇರೆ ಬೇರೆ ಖಾನೆಯಲ್ಲಿಡಿ, ಖಾನೆಯ ಚೀಟಿಯಲ್ಲಿ ಹೆಸರಿನ ಬೇರೆಯಾಗುವ ಭಾಗವನ್ನು ದಪ್ಪಗೆ ಬರೆಯಿರಿ. ಒಂದೇ ಕಂಪನಿಯ ಒಂದೇ ಬಣ್ಣದ ಪೆಟ್ಟಿಗೆಯಲ್ಲಿ ಬರುವ ಆಮ್ಲೋಡಿಪಿನ್ 2.5, 5, 10ಕ್ಕೂ ನಡುವೆ ತಡೆಪಟ್ಟಿ ಬೇಕು.

ಸ್ಟ್ರಿಪ್ಪಿನ ಹೆಸರನ್ನು ಮೂರು ಸಲ ಓದಿ: ರ‍್ಯಾಕಿನಿಂದ ತೆಗೆಯುವಾಗ, ಎಣಿಸುವಾಗ, ಉಳಿದದ್ದನ್ನು ವಾಪಸ್ ಇಡುವಾಗ. ನಾಲ್ಕನೆಯ ಸಲ ಬೇರೊಬ್ಬರು ಓದಲಿ, ಅದೂ ವೈದ್ಯರ ಚೀಟಿಯೊಂದಿಗೆ ಹೋಲಿಸಿ. ಬಿಲ್ಲಿನೊಂದಿಗೆ ಹೋಲಿಸಿದರೆ ಪ್ರಯೋಜನವಿಲ್ಲ. ಬಿಲ್ ಹಾಕುವಾಗಲೇ ತಪ್ಪಾಗಿದ್ದರೆ ಎರಡೂ ಸರಿಯಾಗಿ ತಾಳೆಯಾಗುತ್ತವೆ. ಲೇಬಲ್ ಬರೆಯುವಾಗ 5.0 ಎಂದು ಬರೆಯಬೇಡಿ, ಚುಕ್ಕೆ ಮಸುಕಾದರೆ 50 ಆಗುತ್ತದೆ. ಅರ್ಧಕ್ಕೆ ಬರಿಯ .5 ಬೇಡ, 0.5 ಎಂದೇ ಬರೆಯಿರಿ.

ಹೆಚ್ಚು ಗಮನ ಬೇಡುವುದು ಮಕ್ಕಳ ಸಿರಪ್. 10 ಕೆ.ಜಿ. ತೂಕದ ಮಗುವಿಗೆ ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕದಲ್ಲಿ ಪ್ಯಾರಸಿಟಮಾಲ್‌ನ ಒಂದು ಡೋಸ್ 150 ಮಿ.ಗ್ರಾಂ. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್ಪಿನಲ್ಲಿ ಅದು 3 ಮಿ.ಲೀ.; 120 ಮಿ.ಗ್ರಾಂ ಇರುವುದರಲ್ಲಿ ಸುಮಾರು 6 ಮಿ.ಲೀ.; ಮಿ.ಲೀ.ಗೆ 100 ಮಿ.ಗ್ರಾಂ ಇರುವ ಡ್ರಾಪ್ಸ್‌ನಲ್ಲಿ ಒಂದೂವರೆ ಮಿ.ಲೀ. ‘ಒಂದು ಚಮಚ’ ಎಂಬ ಮಾತಿನಿಂದ ಈ ಮೂರರಲ್ಲಿ ಯಾವುದನ್ನೂ ಅಳೆಯಲಾಗದು. ಲೇಬಲ್ಲಿನಲ್ಲಿ ಮಿ.ಲೀ. ಬರೆದು, ಸೂಜಿಯಿಲ್ಲದ ಅಳತೆಯ ಸಿರಿಂಜ್ ಕೊಟ್ಟು, ಅದರ ಮೇಲೆ ಆ ಗೆರೆಯನ್ನು ಪೆನ್ನಿನಿಂದ ಗುರುತು ಮಾಡಿ.

ಪುಡಿಯ ಆಂಟಿಬಯಾಟಿಕ್ ಕಲಸಿಕೊಡುವುದಾದರೆ ಮೊದಲು ಬಾಟಲಿ ತಟ್ಟಿ ಪುಡಿ ಸಡಿಲಿಸಿ. ಕುದಿಸಿ ಆರಿಸಿದ ನೀರನ್ನು ಅರ್ಧದಷ್ಟು ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳಿದ ಮೇಲೆ ಗೆರೆಯವರೆಗೆ ತುಂಬಿಸಿ. ಒಮ್ಮೆಗೇ ಪೂರ್ತಿ ನೀರು ಹಾಕಿದರೆ ಪುಡಿ ತಳದಲ್ಲಿ ಗಂಟು ಕಟ್ಟುತ್ತದೆ. ಮೊದಲ ಡೋಸ್‌ಗಳು ತೆಳು, ಕೊನೆಯವು ಗಟ್ಟಿ. ಕಲಸಿದ ತಾರೀಖನ್ನು ಬಾಟಲಿಯ ಮೇಲೆ ಬರೆಯಿರಿ. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಆದರೆ ಫ್ರಿಜ್‌ನಲ್ಲಿಟ್ಟರೂ ಸಾಮಾನ್ಯವಾಗಿ 7 ದಿನವಷ್ಟೇ.

ಮೆಥೊಟ್ರೆಕ್ಸೇಟ್ ಬಂದಾಗ ಕೈ ನಿಲ್ಲಲೇಬೇಕು. ಸಂಧಿವಾತಕ್ಕೆ ಇದು ವಾರಕ್ಕೊಂದು ದಿನದ ಔಷಧಿ. ದಿನಾ ನುಂಗಿದರೆ ಅಸ್ಥಿಮಜ್ಜೆ ಕುಗ್ಗಿ ಜೀವವೇ ಹೋಗಬಹುದು. ವಾರದ ಯಾವ ದಿನ ಎಂದು ಕೇಳಿ, ‘ಸೋಮವಾರ ಮಾತ್ರ’ ಎಂಬಂತೆ ಲೇಬಲ್ಲಿನ ಮೇಲೇ ಬರೆಯಿರಿ. ಎಣಿಸುವ ತಟ್ಟೆ ಇದಕ್ಕೆ ಪ್ರತ್ಯೇಕವಿರಲಿ.

ಫ್ರಿಜ್‌ನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್. ಬೆಳಿಗ್ಗೆ 5 ಡಿಗ್ರಿ ತೋರಿಸಿತೆಂದರೆ ರಾತ್ರಿಯೂ ಹಾಗೇ ಇತ್ತೆಂದಲ್ಲ. ಗರಿಷ್ಠ, ಕನಿಷ್ಠ ಎರಡನ್ನೂ ನೆನಪಿಡುವ ಥರ್ಮಾಮೀಟರ್ ಬೇಕು. ದಿನಕ್ಕೆರಡು ಸಲ ಬರೆದುಕೊಂಡು ರೀಸೆಟ್ ಮಾಡಿ. ಬಾಗಿಲಿನ ಖಾನೆಯಲ್ಲಿ ಔಷಧಿ ಇಡಬೇಡಿ, ಹಿಂದಿನ ಗೋಡೆಗೂ ತಾಗಿಸಬೇಡಿ. ಅಂಗಡಿಯವರು ಬಿಸಿಗೆ ಹೆದರುತ್ತಾರೆ, ಆದರೆ ಇನ್ಸುಲಿನ್‌ಗೆ ಹೆಪ್ಪುಗಟ್ಟುವುದೂ ಅಷ್ಟೇ ಅಪಾಯ: ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ನೋಡಲು ಮೊದಲಿನಂತೆಯೇ ಇದ್ದರೂ ಬಳಸುವಂತಿಲ್ಲ. ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ. ಉಷ್ಣತೆ 8 ದಾಟಿತ್ತೆಂದು ಕಂಡರೆ ಎಲ್ಲವನ್ನೂ ‘ಮಾರಬಾರದು’ ಎಂಬ ಚೀಟಿಯೊಂದಿಗೆ ಸರಿಯಾದ ಉಷ್ಣತೆಯಲ್ಲೇ ಬೇರೆಯಿಟ್ಟು, ಎಷ್ಟು ಹೊತ್ತು ಎಷ್ಟು ಡಿಗ್ರಿ ಇತ್ತೆಂದು ತಯಾರಕರಿಗೆ ತಿಳಿಸಿ, ಉತ್ತರ ಬಂದ ಮೇಲೆ ನಿರ್ಧರಿಸಿ. ಊಟದ ಡಬ್ಬಿಗೆ ಬೇರೆ ಫ್ರಿಜ್.

ಮೊದಲು ಬಂದದ್ದು ಮೊದಲು ಎಂಬ ಲೆಕ್ಕ ಇಲ್ಲಿ ಸಾಲದು. ಮೊದಲು ಅವಧಿ ಮುಗಿಯುವುದು ಮುಂದೆ ಇರಬೇಕು. ಪೆಟ್ಟಿಗೆಯಲ್ಲಿ ತಿಂಗಳಷ್ಟೇ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ಮೂರು ತಿಂಗಳ ಮಾತ್ರೆ ಕೊಡುವಾಗ ಕೊನೆಯ ಮಾತ್ರೆ ನುಂಗುವ ದಿನಕ್ಕೂ ಅವಧಿ ಇದೆಯೇ ನೋಡಿ. ಸ್ಟ್ರಿಪ್ ಕತ್ತರಿಸುವುದಾದರೆ ಬ್ಯಾಚ್ ನಂಬರ್, ಅವಧಿ ಇರುವ ತುದಿಯನ್ನು ಕೊನೆಯವರೆಗೆ ಉಳಿಸಿ. ಹೆಸರೂ ಅವಧಿಯೂ ಇಲ್ಲದ ತುಂಡುಗಳನ್ನು ಮತ್ತೆ ಮಾರುವಂತಿಲ್ಲ. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ನಮೂದಾಗಿದ್ದರೆ, ಕಂಪನಿ ಔಷಧಿ ವಾಪಸ್ ಕರೆದಾಗ ಯಾರಿಗೆ ಹೋಗಿದೆಯೆಂದು ಹುಡುಕಬಹುದು.

ಕೌಂಟರ್ ದಾಟುವ ಮೊದಲೇ ಸಿಕ್ಕಿಬಿದ್ದ ತಪ್ಪುಗಳಿಗೂ ಒಂದು ಪುಸ್ತಕವಿಡಿ: ಯಾವ ಔಷಧಿ ಬದಲು ಯಾವುದು, ಎಷ್ಟು ಗಂಟೆಗೆ, ಏಕೆ. ಬರೆದವರನ್ನು ಬೈದರೆ ಪುಸ್ತಕ ಖಾಲಿ ಉಳಿಯುತ್ತದೆ, ತಪ್ಪು ನಿಂತಿರುವುದಿಲ್ಲ. ಒಂದೇ ಜೋಡಿ ಎರಡು ಸಲ ಕಂಡರೆ ಅವುಗಳ ಜಾಗ ಬದಲಿಸಿ.

ತಪ್ಪು ಔಷಧಿ ಹೋಗಿಯೇಬಿಟ್ಟಿದೆ ಎಂದು ತಿಳಿದರೆ ಆ ಕ್ಷಣವೇ ಫೋನ್ ಮಾಡಿ. ಮಾತ್ರೆ ನಿಲ್ಲಿಸಲು ಹೇಳಿ, ಎಷ್ಟು ನುಂಗಿದ್ದಾರೆ, ಈಗ ಏನನ್ನಿಸುತ್ತಿದೆ ಎಂದು ಕೇಳಿ, ವೈದ್ಯರಿಗೆ ನೀವೇ ತಿಳಿಸಿ. ಉಸಿರಾಟದ ತೊಂದರೆ, ಪ್ರಜ್ಞೆ ಮಸುಕಾಗುವುದು ಇದ್ದರೆ ನೇರ ಆಸ್ಪತ್ರೆಗೆ ಹೋಗಲಿ. ಉಳಿದ ಮಾತ್ರೆ, ಲೇಬಲ್, ಚೀಟಿ ಯಾವುದನ್ನೂ ಎಸೆಯಬೇಡಿ. ಚಿಕಿತ್ಸೆ ಕೊಡುವವರು ಮೊದಲು ಕೇಳುವುದು ಅವನ್ನೇ.