ಮತ್ತಿ ಕೊಳ್ಳೋಕೆ ಹೋಗುವಾಗ ಒಂದು ಸ್ಕೇಲ್ ಇರಲಿ

ನಮ್ಮ ವಿರಾಜಪೇಟೆಗೆ ಕಡಲು ಎರಡು ದಾರಿಯಲ್ಲಿ ಬರುತ್ತದೆ. ಮಾಕುಟ್ಟ ಘಾಟಿ ಹತ್ತಿ ಕಣ್ಣೂರಿನ ಮೀನು, ಸಂಪಾಜೆ ದಾಟಿ ಮಂಗಳೂರಿನ ಮೀನು. ಅವರ ಮತ್ತಿಯೇ ಇವರ ಬೂತಾಯಿ, ಅವರ ಐಲವೇ ಇವರ ಬಂಗುಡೆ. ಹೆಸರಿನ ಹಾಗೆ ಕಾನೂನೂ ಎರಡೆರಡು.

ಜೂನ್ ಬಂದರೆ ಮೊದಲು ಕ್ಯಾಲೆಂಡರ್ ನೋಡಿ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಕೇರಳದಲ್ಲಿ ಟ್ರಾಲರ್ (ದೊಡ್ಡ ಬಲೆ ಎಳೆಯುವ ಯಾಂತ್ರಿಕ ದೋಣಿ) ನಿಲ್ಲುವುದು ಜೂನ್ 9ರ ಮಧ್ಯರಾತ್ರಿ, 52 ದಿನಕ್ಕೆ. ದಡದಿಂದ 12 ನಾಟಿಕಲ್ ಮೈಲಿವರೆಗೆ ಆಯಾ ರಾಜ್ಯದ್ದೇ ಮಾತು, ಅದಕ್ಕೇ ಈ ವ್ಯತ್ಯಾಸ. ಮತ್ತಿ ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಗಡಿ ನೋಡಿಕೊಂಡು ಈಜಲು ಅದಕ್ಕೆ ಗೊತ್ತಾ? ಹಾಗಾಗಿ ಜೂನ್ ಮೊದಲ ವಾರ "ಎಲ್ಲಿಂದ ಬಂತು, ಯಾವ ದೋಣಿದು?" ಅಂತ ಕೇಳಿ. ನಾಡದೋಣಿಯದಾದರೆ ಸುಮ್ನೆ ತಗೊಳ್ಳಿ.

ಆಮೇಲೆ ಅಳತೆ. ಕೇರಳದಲ್ಲಿ 10 ಸೆಂಟಿಮೀಟರ್‌ಗಿಂತ ಚಿಕ್ಕ ಮತ್ತಿ, 14ಕ್ಕಿಂತ ಚಿಕ್ಕ ಐಲ ಹಿಡಿಯುವಂತಿಲ್ಲ. ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಸಾಕು. ಮೀನನ್ನು ಅಡ್ಡ ಮಲಗಿಸಿ, ಬಾಯಿ ಒತ್ತಿ ಮುಚ್ಚಿ, ಮೂತಿಯಿಂದ ಬಾಲದ ತುದಿವರೆಗೆ ಅಳೆಯಿರಿ. ಬಾಲ ಮಡಚಿದ್ದರೆ ಬಿಡಿಸಿ. ನಾನು ಮೊದಲ ಸಲ ಅಳೆದದ್ದು ಎಂಟೂವರೆ ಇತ್ತು. "ಏನ್ ಸರ್, ಮೀನಿಗೆ ಅಂಗಿ ಹೊಲಿಸ್ತೀರಾ?" ಅಂದ ಅಂಗಡಿಯವ. ಅಷ್ಟು ಪುಟ್ಟದನ್ನೇ ಮುಳ್ಳು ಸಮೇತ ಗರಿಗರಿ ಹುರಿದು ವರ್ಷಗಟ್ಟಲೆ ತಿಂದವನು ನಾನು, ಬೈಯೋಕೆ ಬಾಯಿ ಬರಲಿಲ್ಲ. ವಾಪಸ್ ಇಟ್ಟೆ, ಅಷ್ಟೇ.

ಇದು ಅತಿಯಾಯ್ತು ಅನ್ನಿಸಿದರೆ ಈ ಲೆಕ್ಕ ನೋಡಿ: 2012ರಲ್ಲಿ ಕೇರಳಕ್ಕೆ ಸಿಕ್ಕ ಮತ್ತಿ ಸುಮಾರು 4 ಲಕ್ಷ ಟನ್. 2021ರಲ್ಲಿ 3,300 ಟನ್ ಆಸುಪಾಸು. ಕಡಲಿನ ಬಿಸಿ, ಮಳೆಯ ಏರುಪೇರು ಎಲ್ಲ ಸೇರಿದೆ, ಮರಿ ಹಿಡಿದದ್ದೊಂದೇ ಕಾರಣ ಅಲ್ಲ. ಆದರೆ ನಮ್ಮ ಕೈಲಿರೋದು ಅದೊಂದೇ ಅಲ್ವಾ?

ಕೊನೆಗೆ ಒಂದು ಅರ್ಜಿ. ಒಂದೇ ಪುಟ ಸಾಕು, ಎರಡು ಪ್ರತಿ ಮಾಡಿ ಎರಡೂ ರಾಜ್ಯಗಳ ಮೀನುಗಾರಿಕೆ ಇಲಾಖೆಗೆ ಕಳಿಸಿ. "ಪರಿಸರ ಉಳಿಸಿ" ಅಂತ ಬರೆದರೆ ಫೈಲಿಗೆ ಹೋಗುತ್ತದೆ. ರಜೆಯ ತಾರೀಕು ಒಂದೇ ಮಾಡಿ, ಮೀನಿನ ಅಳತೆ ಒಂದೇ ಮಾಡಿ ಅಂತ ಎರಡೇ ವಿಷಯ ಕೇಳಿ. ದಕ್ಷಿಣ ವಲಯ ಮಂಡಳಿಯಲ್ಲಿ ಎರಡೂ ಸರ್ಕಾರ ಒಟ್ಟಿಗೆ ಕೂರುತ್ತವೆ, ಅಲ್ಲಿ ಇದನ್ನು ಎತ್ತಿ ಅಂತಲೂ ಸೇರಿಸಿ.

ಇನ್ನು ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಗೆ ಒಣಮೀನು ಬೇಕಾದರೆ ಬೇಸಿಗೆಯಲ್ಲೇ ತಂದಿಡಿ. ಜುಲೈನಲ್ಲಿ ಬೆಲೆ ಕೇಳೋ ಹಾಗಿರಲ್ಲ.