ಯಾರಿಗೂ ಗೊತ್ತಿಲ್ಲದ ಆಟವೇ ಬೇಕಿತ್ತು

ಬಳ್ಳಾರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ಬಿಕಾಂ ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಮೂರು ವರ್ಷದ ಹಿಂದೆ ಸ್ಟಾಫ್ ರೂಮಿನಲ್ಲಿ "ಈ ಸೆಮಿಸ್ಟರ್ ಬೇಸ್‌ಬಾಲ್ ಅಂಕಿಅಂಶ ಇಟ್ಕೊಂಡು ಪಾಠ ಮಾಡ್ತೀನಿ" ಅಂದೆ. ಹಿರಿಯ ಸರ್ ಒಬ್ಬರು ಚಹಾ ಕಪ್ ಕೆಳಗಿಟ್ಟರು. "ನಮ್ಮ ಹುಡುಗ್ರು ಬೇಸ್‌ಬಾಲ್ ಬ್ಯಾಟ್ ನೋಡಿರೋದು ಸಿನಿಮಾದಾಗ ರೌಡಿ ಕೈಯಾಗ ಮಾತ್ರ ರೀ" ಅಂದರು. ಎಲ್ಲರೂ ನಕ್ಕರು.

ಅವರ ಮಾತು ಸುಳ್ಳಲ್ಲ. ನನಗೆ ಬೇಕಾಗಿದ್ದೂ ಅಂಥ ಆಟವೇ.

ಅದಕ್ಕೂ ಮುಂಚೆ ಎರಡು ವರ್ಷ ಕ್ರಿಕೆಟ್ ಇಟ್ಕೊಂಡು ಒದ್ದಾಡಿದ್ದೆ. ಕೊಹ್ಲಿ, ರೋಹಿತ್ ಇಬ್ಬರ ಸ್ಕೋರು ಬೋರ್ಡ್ ಮೇಲೆ ಬರೆದು, ಯಾರ ಎಸ್‌ಡಿ (ಸ್ಕೋರು ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋ ಅಳತೆ) ಕಡಿಮೆ ನೋಡಿ ಅಂದರೆ, ಲೆಕ್ಕ ಶುರುವಾಗುವ ಮುಂಚೆಯೇ ಉತ್ತರ ರೆಡಿ. ಆರ್‌ಸಿಬಿ ಬೆಂಚು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ಲೆಕ್ಕ ಬೇರೆ ಏನಾದರೂ ಹೇಳಿದರೆ "ಲೆಕ್ಕ ತಪ್ಪೈತಿ ಸರ" ಅನ್ನುತ್ತಿದ್ದರು. ಅದರ ಮೇಲೆ ನಾಟೌಟ್ ಕಾಟ. ಬ್ರಾಡ್ಮನ್ 80 ಇನಿಂಗ್ಸ್‌ನಲ್ಲಿ 6996 ರನ್ ಹೊಡೆದ. 80ರಿಂದ ಭಾಗಿಸಿದರೆ 87.45. ಆದರೆ ಜಗತ್ತಿಗೆಲ್ಲ ಗೊತ್ತಿರುವುದು 99.94, ಯಾಕಂದರೆ 10 ನಾಟೌಟ್ ಬಿಟ್ಟು 70ರಿಂದ ಭಾಗಿಸುತ್ತಾರೆ. ಸರಾಸರಿ ಅಂದರೇನು ಅಂತ ಹೇಳಿಕೊಡುವ ಮೊದಲ ವಾರದಲ್ಲೇ ಈ ತಕರಾರು ಯಾಕೆ ಬೇಕು?

ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಹಿಟ್ಸನ್ನು ಅಟ್-ಬ್ಯಾಟ್‌ನಿಂದ, ಅಂದರೆ ಲೆಕ್ಕಕ್ಕೆ ಹಿಡಿಯುವ ಬ್ಯಾಟಿಂಗ್ ಸರದಿಗಳಿಂದ, ಭಾಗಿಸಿ, ಮುಗೀತು. ಅದೊಂದು ಪ್ರೊಪೋರ್ಷನ್ ಆದ್ದರಿಂದ ನೇರವಾಗಿ ಬೈನಾಮಿಯಲ್‌ಗೆ, ಅಂದರೆ ಎರಡೇ ಫಲ ಇರುವ ಪ್ರಯೋಗದ ಲೆಕ್ಕಕ್ಕೆ, ಹೋಗಬಹುದು. ಆಟಗಾರರ ಪರವಾಗಿ ಜಗಳ ಆಡೋಕೆ ಕ್ಲಾಸಿನಲ್ಲಿ ಯಾರೂ ಇಲ್ಲ.

ಮೊದಲ ಸೆಮಿಸ್ಟರ್ ನೆಲಕಚ್ಚಿತು. ತಪ್ಪು ನನ್ನದೇ. ಆಟದ ನಿಯಮ ಗೊತ್ತಿರಬೇಕು ಅಂತ ಎರಡು ಪೀರಿಯಡ್ ಪ್ರೊಜೆಕ್ಟರ್ ಹಾಕಿ ವಿಡಿಯೋ ತೋರಿಸಿದೆ. ಏಪ್ರಿಲ್ ಬಿಸಿಲು, ನಡುವೆ ಕರೆಂಟ್ ಹೋಯಿತು, ಅರ್ಧ ಕ್ಲಾಸು ನಿದ್ದೆ. ಈಗ ನಿಯಮ ಹೇಳೋದೇ ಇಲ್ಲ. "ಹೊಡೆದರೆ ಹಿಟ್, ಇಲ್ಲಾಂದ್ರೆ ಔಟ್" ಅಂತ ಒಂದೇ ಸಾಲು. ವಾಕ್, ಸ್ಯಾಕ್ರಿಫೈಸ್ ಅನ್ನೋ ಬೇರೆ ನಿಯಮಗಳನ್ನೆಲ್ಲ ಮುಚ್ಚಿಡುತ್ತೇನೆ. ಬೇಸ್‌ಬಾಲ್ ಬಲ್ಲವರು ಬೈಯಬಹುದು, ಬೈಯಲಿ.

ಎರಡನೇ ಸಲ ಕಂಪ್ಯೂಟರ್ ಲ್ಯಾಬಿಗೆ ಕರೆದುಕೊಂಡು ಹೋದೆ. ಲಾಮನ್ ಡೇಟಾಬೇಸ್ ಅಂತ ಅಮೆರಿಕದ ಬೇಸ್‌ಬಾಲ್ ಅಂಕಿಅಂಶದ ಸಂಗ್ರಹ ಒಂದಿದೆ. ಪುಕ್ಕಟೆ, 1871ರಿಂದ ಎಲ್ಲ ಸೀಸನ್ನೂ ಇದೆ. ಬ್ಯಾಟಿಂಗ್ ಫೈಲು ಲಕ್ಷಕ್ಕೂ ಜಾಸ್ತಿ ಸಾಲು. ನಮ್ಮ ಲ್ಯಾಬಿನಲ್ಲಿ ಹನ್ನೆರಡು ಸಿಸ್ಟಮ್, ಏಳು ಆನ್ ಆಗುತ್ತವೆ, ಅದರಲ್ಲಿ ಇದ್ದದ್ದು ಎಕ್ಸೆಲ್ 2003. ಅದು 65,536 ಸಾಲಿಗೆ ನಿಂತುಬಿಟ್ಟಿತು. ಉಳಿದಿದ್ದು ಮಾಯ. ನನಗೆ ಗೊತ್ತಾಗಿದ್ದು ಒಂದು ವಾರ ಆದಮೇಲೆ. ಅಷ್ಟರಲ್ಲಿ ಅರ್ಧ ಡೇಟಾದ ಮೇಲೆ ಮೂರು ಅಸೈನ್‌ಮೆಂಟ್ ಮುಗಿದಿದ್ದವು. ಹಿರಿಯ ಸರ್‌ಗೆ ಈ ವಿಷಯ ಇವತ್ತಿಗೂ ಹೇಳಿಲ್ಲ.

ಆಮೇಲೆ ಕಂಪ್ಯೂಟರ್ ಸಹವಾಸವೇ ಬೇಡ ಅಂತ ಕಾಗದಕ್ಕೆ ಬಂದೆ. ಮನೆಯಲ್ಲಿ ನಾನೇ ಆರಿಸಿ, ನಾಲ್ಕು ಹಾಳೆ ಮಾಡಿ, ಜೆರಾಕ್ಸ್ ಹಂಚುವುದು. 62 ಹುಡುಗರು, ಒಂದು ಸಲಕ್ಕೆ ಸುಮಾರು 250 ರೂಪಾಯಿ, ಸೆಮಿಸ್ಟರಿಗೆ ಐದಾರು ಸಲ. ಸಂಬಳ ಮೂರ್ನಾಲ್ಕು ತಿಂಗಳಿಗೊಮ್ಮೆ ಬರುವವನಿಗೆ ಇದು ಸಣ್ಣ ಖರ್ಚಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಖಾತೆ ಬರೆಸಿದ್ದೇನೆ.

ಮೊದಲ ಹಾಳೆ ಅಮೆರಿಕದ ಆಟಗಾರ ಬ್ಯಾರಿ ಬಾಂಡ್ಸ್‌ನ 22 ಸೀಸನ್ನಿನ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ). ಒಟ್ಟು 762. ಸರಾಸರಿ 34.6, ಮಧ್ಯಾಂಕ (ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) 34. ಅದರಲ್ಲಿ 2001ರ 73 ಒಂದೇ ಮೇಲೆ ಎದ್ದು ಕಾಣುತ್ತೆ. ಅದನ್ನು ಬೆರಳಿನಿಂದ ಮುಚ್ಚಿ ಮತ್ತೆ ಲೆಕ್ಕ ಮಾಡಿ ಅನ್ನುತ್ತೇನೆ. ಸರಾಸರಿ 32.8ಕ್ಕೆ ಇಳಿಯುತ್ತೆ. ಮಧ್ಯಾಂಕ 34 ಇದ್ದಲ್ಲೇ ಇರುತ್ತೆ. ಬೆರಳು ತೆಗೆದು, ಇಟ್ಟು, ತೆಗೆದು ನೋಡುತ್ತಾರೆ. ಔಟ್‌ಲೈಯರ್ (ಉಳಿದವುಗಳಿಂದ ದೂರ ನಿಂತ ಸಂಖ್ಯೆ) ಅನ್ನೋ ಪದ ಆಮೇಲೆ ಹೇಳಿದರೂ ನಡೆಯುತ್ತೆ.

ಎರಡನೆಯದು ಇನ್ನೊಬ್ಬ ಆಟಗಾರ ಟೆಡ್ ವಿಲಿಯಮ್ಸ್‌ನ 1941ರ ಸೀಸನ್. "ಸರ, ಹತ್ತು ಸಲ ಆಡಿ ಬರೇ ನಾಕು ಸಲ ಹೊಡದಾನ. ಇವ ಹೀರೋ ಹೆಂಗ್ರೀ?" ಅಂತ ಕುರುಗೋಡಿನ ಹುಡುಗಿ ಕೇಳಿದಳು. ಕ್ಲಾಸು ಎದ್ದು ಕೂತಿದ್ದು ಅವತ್ತು. ಸೀಸನ್ನಿನ ಕೊನೇ ದಿನದ ಬೆಳಿಗ್ಗೆ ಅವನ ಲೆಕ್ಕ 448 ಅಟ್-ಬ್ಯಾಟ್‌ಗೆ 179 ಹಿಟ್. ಫೋನಿನಲ್ಲಿ ಭಾಗಿಸಿದರೆ 0.39955. ರೌಂಡ್ ಮಾಡಿದರೆ ಪೂರ್ತಿ .400. ಸುಮ್ನೆ ಕೂತಿದ್ದರೆ ಆ .400 ಅವನದೇ. ಕೂರಲಿಲ್ಲ. ಅವತ್ತಿನ ಎರಡೂ ಮ್ಯಾಚ್ ಆಡಿ 8ಕ್ಕೆ 6 ಹೊಡೆದು .406 ಮಾಡಿಕೊಂಡ. ದಶಮಾಂಶ ರೌಂಡ್ ಮಾಡೋದನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಿಕೊಟ್ಟಿಲ್ಲ.

ಮೂರನೇ ಹಾಳೆಗೆ ಜಗಳ ಗ್ಯಾರಂಟಿ. ಜೀಟರ್, ಜಸ್ಟಿಸ್ ಅಂತ ಇಬ್ಬರು ಆಟಗಾರರು. ಜೀಟರ್ 1995ರಲ್ಲಿ 48ಕ್ಕೆ 12, ಜಸ್ಟಿಸ್ 411ಕ್ಕೆ 104. ಮುಂದಿನ ವರ್ಷ ಜೀಟರ್ 582ಕ್ಕೆ 183, ಜಸ್ಟಿಸ್ 140ಕ್ಕೆ 45. ಎರಡೂ ವರ್ಷ ಜಸ್ಟಿಸ್ ಮುಂದೆ. ಎರಡೂ ಕೂಡಿಸಿದರೆ ಜೀಟರ್ .310, ಜಸ್ಟಿಸ್ .270. "ಸರ, ಪ್ರಿಂಟ್ ಮಿಸ್ಟೇಕು" ಅಂದರು. ಒಬ್ಬ ಮೂರು ಸಲ ಕೂಡಿಸಿ ಸುಮ್ಮನಾದ. ಬಿಡಿಯಾಗಿ ಕಂಡದ್ದು ಕೂಡಿಸಿದಾಗ ಹೀಗೆ ತಿರುಗಿಬೀಳುವುದಕ್ಕೆ ಸಿಂಪ್ಸನ್ ಪ್ಯಾರಡಾಕ್ಸ್ ಅನ್ನುತ್ತಾರೆ. ಆ ಹೆಸರು ಎತ್ತುವ ಮುಂಚೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದು ಏನು ಅಂತ ಇಲ್ಲಿ ಬರೆಯಲ್ಲ. ಮೂರು ವರ್ಷದ ಗಳಿಕೆ ಅದು.

ಈಗ ನಾಲ್ಕನೇ ಹಾಳೆ, ಬೀಜದ ಕಥೆ. ರೊಬರ್ಟೊ ಕ್ಲೆಮೆಂಟೆ 1970ರ ಸೀಸನ್ನಿನ ಮೊದಲ 45 ಅಟ್-ಬ್ಯಾಟ್‌ನಲ್ಲಿ 18 ಹಿಟ್, .400. ಉಳಿದ ಸೀಸನ್ .346. ಅದೇ ಹೊತ್ತಿಗೆ ಥರ್ಮನ್ ಮನ್ಸನ್ .178 ಇದ್ದ, ಆಮೇಲೆ .316 ಹೊಡೆದ. ಯಾಕೆ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ. ಹಾಗಾಗಿ ಚೀಲದಲ್ಲಿ 27 ಹುಣಸೆ ಬೀಜ, 73 ಕಡಲೆಕಾಳು ಹಾಕಿದೆ, .270 ಹೊಡೆಯುವ ಆಟಗಾರನ ಲೆಕ್ಕಕ್ಕೆ. ಹುಣಸೆ ಬೀಜ ಬಂದರೆ ಹಿಟ್. ಒಂದೊಂದೇ ತೆಗೆದು, ಬರೆದು, ವಾಪಸ್ ಹಾಕಬೇಕು. ಎಲ್ಲರೂ .400ರ ಮೇಲೆ! ದೊಡ್ಡ ಬೀಜ ಬೆರಳಿಗೆ ಬೇಗ ಸಿಗುತ್ತೆ ಅಲ್ವಾ, ನನಗೆ ಹೊಳೆದೇ ಇರಲಿಲ್ಲ. ಸ್ಯಾಂಪ್ಲಿಂಗ್ ಬಯಾಸ್ (ಆರಿಸುವಾಗಲೇ ಒಂದು ಕಡೆ ವಾಲುವುದು) ಪಾಠ ಪುಕ್ಕಟೆ ಆಯ್ತು ಅಂತ ಸಮಾಧಾನ ಮಾಡಿಕೊಂಡೆ.

ಮುಂದಿನ ಸಲ ಎಲ್ಲವೂ ಹುಣಸೆ ಬೀಜ. 27ಕ್ಕೆ ಕೆಂಪು ನೇಲ್ ಪಾಲಿಶ್ ಹಚ್ಚಿದೆ. ಅದನ್ನೂ ಒಬ್ಬಳು ಹಿಡಿದಳು. "ಬಣ್ಣ ಹಚ್ಚಿದ್ದು ನುಣ್ಣಗೈತಿ ಸರ, ಕೈಗೆ ಗೊತ್ತಾಗ್ತೈತಿ." ಸರಿ, ಉಳಿದ 73ಕ್ಕೂ ಬಣ್ಣವಿಲ್ಲದ ಪಾಲಿಶ್. ಹನ್ನೆರಡು ಚೀಲಕ್ಕೆ 1200 ಬೀಜ, ಹತ್ತೋ ಹನ್ನೆರಡೋ ಬಾಟಲಿ, ಮುನ್ನೂರೈವತ್ತರ ಆಸುಪಾಸು ಖರ್ಚು. ಬಳೆ ಅಂಗಡಿಯಾಕೆ "ಇಷ್ಟು ಯಾರಿಗ್ರೀ?" ಅಂತ ನನ್ನನ್ನೇ ನೋಡಿದಳು. ಚೀಲಕ್ಕೆ ಬಟ್ಟೆ ಖರ್ಚಿಲ್ಲ. ನಮ್ಮೂರು ಜೀನ್ಸಿನ ಊರು. ಒಬ್ಬ ವಿದ್ಯಾರ್ಥಿಯ ಅಣ್ಣ ಜೀನ್ಸ್ ಹೊಲಿಯುವ ಕಡೆ ಕೆಲಸ ಮಾಡುತ್ತಾನೆ, ತುಂಡು ಬಟ್ಟೆಯಲ್ಲಿ ಹೊಲಿದುಕೊಟ್ಟ. ಒಳಗಿನದು ಒಂಚೂರೂ ಕಾಣಲ್ಲ.

62 ಜನ, ತಲಾ 45 ಸಲ. ಒಂದು ಪೀರಿಯಡ್ ಪೂರ್ತಿ ಬೇಕು. ಬಹಳಷ್ಟು ಜನಕ್ಕೆ 9ರಿಂದ 15ರ ಒಳಗೆ ಬಂತು. ಒಬ್ಬನಿಗೆ 6. ಇಬ್ಬರಿಗೆ 18, ಒಬ್ಬನಿಗೆ 19. ಆ 19ರವನಿಗೆ "ಕ್ಲೆಮೆಂಟೆ" ಅಂತ ಹೆಸರಿಟ್ಟು ಕ್ಯಾಂಟೀನ್ ತನಕ ಮೆರವಣಿಗೆ. ಮಾರನೇ ದಿನ ಅದೇ ಚೀಲ ಕೊಟ್ಟು ಮತ್ತೆ ತೆಗೆಸಿದೆ. ಕ್ಲೆಮೆಂಟೆಗೆ 11, ಇನ್ನಿಬ್ಬರಿಗೆ 14, 10. "ನಿನ್ನೆ ಮಿರ್ಚಿ ಕೊಡಿಸಬಾರದಿತ್ತು ಲೇ" ಅಂತ ಹಿಂದಿನ ಬೆಂಚಿನಿಂದ ದನಿ ಬಂತು. ಕುರುಗೋಡಿನ ಹುಡುಗಿ ಮಾತ್ರ "ಬೀಜ ಅವೇ ಅದಾವಲ್ಲ ಸರ, ಚೀಲಕ್ಕ ಏನು ಗೊತ್ತು?" ಅಂದಳು. ನಾನು ಹೇಳಬೇಕಾಗಿದ್ದ ಮಾತು ಅದು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಮೈದಾನದಲ್ಲಿ ಟೆನಿಸ್ ಬಾಲ್‌ನಿಂದ ಒಂದೇ ಸ್ಟಂಪಿಗೆ ತಲಾ ಹತ್ತು ಎಸೆತ, ಅದಕ್ಕೆ ಬೈನಾಮಿಯಲ್ ಹೊಂದಿಸೋಣ ಅಂತ. ಹೊಂದಲಿಲ್ಲ. ಎಸೆಯುತ್ತ ಎಸೆಯುತ್ತ ಕೈ ಕೂಡುತ್ತೆ, ತಾಗುವ ಸಂಭವನೀಯತೆ (ಪಿ) ಒಂದೇ ಇರಲ್ಲ. ಎರಡು ಬಾಲ್ ಪಕ್ಕದ ಕಾಂಪೌಂಡಿಗೆ ಹೋದವು, ಇನ್ನೂ ಬಂದಿಲ್ಲ.

ಫಲಿತಾಂಶ ಕೇಳುತ್ತೀರಿ ಅಂತ ಗೊತ್ತು. ಮುಂಚೆ ನಮ್ಮ ಪೇಪರಿನಲ್ಲಿ ಇಪ್ಪತ್ತು, ಇಪ್ಪತ್ತೆರಡು ಜನ ಫೇಲಾಗುತ್ತಿದ್ದರು. ಹೋದ ಸಲ ಎಂಟೋ ಒಂಬತ್ತೋ. ಪ್ರಶ್ನೆಪತ್ರಿಕೆಯೇ ಸುಲಭ ಇತ್ತು ಅಂದವರೂ ಇದ್ದಾರೆ. ಅದೇ ಪತ್ರಿಕೆಯಲ್ಲಿ ಪಕ್ಕದ ಸೆಕ್ಷನ್‌ನಲ್ಲಿ ಎಷ್ಟು ಜನ ಹೋದರು ಅಂತ ಅವರನ್ನೇ ಕೇಳಿ.

ಹೋದ ತಿಂಗಳು ಆ ಹಿರಿಯ ಸರ್ ಸದ್ದಿಲ್ಲದೆ ಬಂದು "ಆ ಜೀನ್ಸ್ ಚೀಲ ಎರಡು ದಿನ ಕೊಡ್ರಿ" ಅಂದರು. ನಾಲ್ಕು ಕೊಟ್ಟೆ. ವಾಪಸ್ ಬಂದದ್ದು ಮೂರು, ಅದರಲ್ಲೊಂದರಲ್ಲಿ ಬೀಜ 91.